ಚೀಟಿ ಹಚ್ಚದ ಬಾಟ್ಲಿ

ಅಧ್ಯಕ್ಷ ಸ್ಥಾನದಲ್ಲಿರುವ ಶ್ರೀ ಅಣ್ಣಾಸಾಹೇಬರೇ, ಗೋಕಾಕದಿಂದ ಬಿಸಿಲಲ್ಲಿ ದಯಮಾಡಿಸಿದ ಇನ್‌ಸ್ಪೆಕ್ಟರ್ ಸಾಹೇಬರೇ, ಕಲ್ಲೋಳಿ, ತುಕ್ಕಾನಟ್ಟಿಗಳಿಂದ ಬಂದ ಶಿಕ್ಷಕ ಬಂಧುಗಳೇ, ತಾಯಂದಿರೇ, ಸಭಿಕರೇ,

ಮೂವತ್ತೊಂದು ವರ್ಷ ಈ ಸಾಲಿಯೊಳಗೆ ಮಾತಾಡಿ ಮಾತಾಡಿ ನಿಮ್ಮ ಕಿವಿ ತಿಂದವನು ನಾನು. ಇವತ್ತು ನನ್ನ ಬೀಳ್ಕೊಡುಗೆ. ಗಂಟಿ ಬಾರಿಸುವ ಗುಡ್ಡಪ್ಪ ಬಾಗಿಲ ಹೊರಗೆ ನಿಂತಿದ್ದಾನೆ, ಹೀಗಾಗಿ ನನ್ನನ್ನು ತಡೆಯುವವರು ಯಾರೂ ಇಲ್ಲ.

ಈಗ ಓದಿದ ಮಾನಪತ್ರದಲ್ಲಿ 'ಮುಂಬೈ ವಿಜ್ಞಾನಿಗಳಿಗೆ ನಮ್ಮೂರ ಬಾವಿಯ ನೀರು ಕಳಿಸಿದ ಗುರುಗಳು' ಎಂದು ಬರೆದಿದ್ದೀರಿ. ಚಪ್ಪಾಳೆಯೂ ಆಯಿತು. ಆ ಸಾಲು ಸುಳ್ಳೈತ್ರಿ. ಅದನ್ನ ತಿದ್ದದ ನಾ ಮನಿಗೆ ಹೋಗಂಗಿಲ್ಲ.

ಅರವತ್ತಾರರಾಗ ಮುಂಬೈಯಿಂದ ಒಬ್ಬ ಸಾಹೇಬರು ಬಂದಿದ್ದು ನೆನಪೈತಲ್ಲ? ನೀರಾಗ ಹಗರ ನೀರು, ಭಾರ ನೀರು ಅಂತ ಎರಡೂ ಕೂಡೇ ಇರತಾವ ಅಂದ್ರು. ಬಿಸಲಿಗೆ ಹಗರದ್ದು ಮೊದಲ ಆವಿಯಾಗಿ ಹೋಗತೈತಿ, ಭಾರದ್ದು ಹಿಂದ ಉಳೀತೈತಿ. ಗಿಡ ಬೇರಿಲೆ ಕುಡಿದ ನೀರು ಟೊಂಗಿಯೊಳಗ ಹಂಗ ಇರತೈತಿ. ಅಂದಮ್ಯಾಲೆ ಟೊಂಗಿ ನೀರು, ಬಾವಿ ನೀರು ಎರಡೂ ಮುಂಬೈಯಾಗ ಹೋಲಿಸಿ ನೋಡಿದ್ರ, ಊರ ಬಾವಿ ಬಾಜೂ ಇರೋ ಬೇವಿನ ಗಿಡ ಬಾವಿ ನೀರು ಕುಡೀತೈತೋ ಮಳಿ ನೀರು ಕುಡೀತೈತೋ ತಿಳೀತೈತಿ. ನಮ್ಮ ಅಲ್ಲಪ್ಪ ಕಾಕಾ ತಕ್ಕಡಿ ತಂದು ಎರಡು ತಂಬಿಗಿ ನೀರು ತೂಗೇ ಬಿಟ್ಟಿದ್ರು! ನಗಬ್ಯಾಡ್ರಿ, ನಾನೂ ಬಾಗಿ ನೋಡಿದವ್ನ.

ಪ್ರತಿ ತಿಂಗಳು ಒಂದನೇ ತಾರೀಖಿಗೆ ಒಂದು ಟೊಂಗಿ, ಒಂದು ಬಾಟ್ಲಿ ಬಾವಿ ನೀರು. ಬಾಟ್ಲಿ ಬಾಯಿಮಟ ತುಂಬಬೇಕು, ಬೂಚು ಜಡಿದು ಮೇಣ ಹಚ್ಚಬೇಕು. 'ನಾನ ಖುದ್ದ ತುಂಬತೇನ್ರಿ' ಅಂತ ಮಾತು ಕೊಟ್ಟೆ. ಎರಡು ತಿಂಗಳು ತುಂಬಿದೆ. ಆಮ್ಯಾಲೆ ಬ್ಯಾಸರ ಬಂತು. ಸಾಲಿ ಕಸ ಹೊಡಿಯೋ ಮಾಯವ್ವನ ಕೈಯಾಗ ಬಾಟ್ಲಿ ಕೊಟ್ಟೆ. ಇದೇ ಗುಡ್ಡಪ್ಪನ ಹೆಂಡ್ತಿ.

ಆಕಿ ಓಣಿಯವರು ಊರ ಬಾವಿ ಕಟ್ಟಿ ಹತ್ತೂವಂಗಿಲ್ಲ ಅನ್ನೂದು ನನಗ ಗೊತ್ತಿರಲಿಲ್ಲೇನು? ಗೊತ್ತಿತ್ತು. ದೂರ ನಿಂತು, ಯಾರರ ಕನಿಕರ ಪಟ್ಟು ಹೊಯ್ದ್ರ ಹಿಡಕೋಬೇಕು. ಮೊದಮೊದಲು ಹೊಯ್ದ್ರು. ಬ್ಯಾಸಿಗಿ ಬಂತು, ಬಾವಿ ತಳ ಕಂಡಿತು, ಯಾರೂ ಹೊಯ್ಯಲಿಲ್ಲ. ಮಂದಿ ಪಾತ್ರಿ ಬರಿದ ತಿರುಗಿ ಕೊಡೋ ರೂಢಿ ನಮ್ಮಾಗಿಲ್ಲ, ಒಂದು ಹರಳು ಉಪ್ಪರ ಹಾಕಿ ಕೊಡತೀವಿ. ಬಂದ ಬಾಟ್ಲಿ ಬರಿದ ಹೆಂಗ ಕೊಡೂದು ಅಂತ ಆಕಿ ತಮ್ಮ ಓಣಿಯವರು ಕುಡಿಯೋ ಹಳ್ಳದ ಗುಂಡಿ ನೀರು ತುಂಬಿಕೊಟ್ಲು. ಎಲ್ಲೀ ನೀರಂತ ನಾ ಕೇಳಲಿಲ್ಲ. 'ಊರ ಬಾವಿ' ಅಂತ ಚೀಟಿ ಹಚ್ಚಿ ಕಳಿಸಿದೆ.

ಮರುವರ್ಷ ಮೇ ತಿಂಗಳಾಗ ಮುಂಬೈ ಕಾಗದ ಬಂತು. 'ಮೂರು ಬಾಟ್ಲಿ ನೀರು ಬಾವೀದಲ್ಲ. ಭಾರ ನೀರು ಹೆಚ್ಚೈತಿ, ಬಿಸಲಾಗ ಬತ್ತಿದ ತೆರೆದ ಗುಂಡೀದು. ಯಾರು ತುಂಬಿದ್ರು?' ಮುನ್ನೂರು ಮೈಲು ದೂರ ಕೂತವ್ರಿಗೆ ತಿಳಿದದ್ದು ನಮಗ ಇಲ್ಲೇ ಇದ್ದೂ ತಿಳೀಲಿಲ್ಲ. ಅಲ್ಲ, ತಿಳಿದಿತ್ತು. ಖರೆ ಬರದ್ರ ಊರಿನ ಮಾನ ಹೋಗತೈತಿ, ನನ್ನದೂ ಹೋಗತೈತಿ. 'ಕೆಲಸದಾಕಿ ಬೇಜವಾಬ್ದಾರಿ ಮಾಡ್ಯಾಳ, ತೆಗೆದುಹಾಕೇನಿ' ಅಂತ ಬರದೆ. ತೆಗೆದೂ ಹಾಕಿದೆ.

ಆಕಿ ಮರುದಿನ ತನ್ನ ಹತ್ತಿರ ಉಳಿದಿದ್ದ ಕಡೀ ಬಾಟ್ಲಿ ತುಂಬಿ, ಮೇಣ ಹಚ್ಚಿ ತಂದಿಟ್ಲು. 'ನಾ ಸುಳ್ಳ ನೀರು ತುಂಬಿಲ್ರಿ ಗುರುಗಳ. ನಾವು ಕುಡಿಯೂದ ಇದು' ಅಂದ್ಲು. ನಾ ಹಾಜರಿ ಪುಸ್ತಕದಿಂದ ತಲಿ ಎತ್ತಲಿಲ್ಲ.

ಮೊದಲ ಮಳಿಗೆ ಆ ಗುಂಡಿಯೊಳಗ ಊರ ಹೊಲಸೆಲ್ಲ ಹರಿದು ಬಂತು. ಓಣ್ಯಾಗ ವಾಂತಿ ಭೇದಿ ಹಬ್ಬಿತು. ಎರಡ ದಿನಕ್ಕ ಮಾಯವ್ವ ಹೋದ್ಲು. ಗುಡ್ಡಪ್ಪ ಮಣ್ಣು ಮಾಡಿ ಬಂದು, ಮರುದಿನ ಹತ್ತಕ್ಕ ಗಂಟಿ ಬಾರಿಸಿದ.

ಸಭಿಕರೇ, ಆ ಬಾಟ್ಲಿ ಇದು. ನನ್ನ ಕಪಾಟಿನಾಗ ಎರಡು ವರ್ಷ ಇತ್ತು. ಮೇಣ ಬಿಗಿ ಐತಿ, ಒಳಗಿನ ನೀರು ಅವತ್ತು ಹೆಂಗಿತ್ತೋ ಹಂಗ ಐತಿ. ಚೀಟಿ ಇವತ್ತು ಮುಂಜಾನೆ ಬರದೆ. ಓದತೇನಿ ಕೇಳ್ರಿ: 'ಊರ ಬಾವಿ ಅಲ್ಲ. ಬಾವಿಗೆ ಬಿಡದವರು ಕುಡಿಯುವ ಗುಂಡಿ. ತುಂಬಿದವರು, ಮಾಯವ್ವ ಗುಡ್ಡಪ್ಪ. ತಪ್ಪು ಚೀಟಿ ಹಚ್ಚಿದವನು, ಪರಸಪ್ಪ ಮಾಸ್ತರ.' ಮುಂಬೈಗೆ ಕಳಿಸಾಕ ನಾಳೆ ಮೊದಲನೇ ಬಸ್ಸಿಗೆ ಗೋಕಾಕ ಟಪಾಲಿಗೆ ನಾನ ಒಯ್ತೇನಿ. ಈ ಸಲ ಮತ್ತೊಬ್ಬರ ಕೈಯಾಗ ಕೊಡೂದಿಲ್ಲ.

ಅಣ್ಣಾಸಾಹೇಬ್ರ, ಶಾಲು ಮಡಚಿ ಇಡ್ರಿ. ಇಲ್ಲಿಮಟ ಕೇಳಿದವ್ರಿಗೆ, ನಡುವ ಎದ್ದು ಹೋದವ್ರಿಗೆ, ಎಲ್ಲಾರಿಗೂ ನಾನು ಋಣಿ. ಗುಡ್ಡಪ್ಪಾ, ಒಳಗ ಬಾರಪಾ. ಮೊದಲನೇ ನಮಸ್ಕಾರ ನಿನಗ.

ನಮಸ್ಕಾರ.