ರೋಮಿನ ದೇವಿಗೆ ಹುಣಸೆಹಣ್ಣು

ಓಕ್‌ವಿಲ್ ಸ್ಟೇಷನ್ನಲ್ಲಿ ಟ್ರೈನಿಗೆ ಕಾಯ್ತಿದ್ದ ಶೇಖರನ ಕಿವಿ, ಪಕ್ಕದ ಬೆಂಚಿನ ಅತ್ತೆ-ಅಳಿಯನ ಮಾತಿಗೆ ಮೊರದಷ್ಟಗಲ ಆಯ್ತು.

“ಅತ್ತೆ, ಡಬ್ಬಿ ಖಾಲಿ! ನನ್ನ ರೋಮನ್ ಕಂಚಿನ ನಾಣ್ಯ ಎಲ್ಲಿ?”

“ಹಸಿರು ಕಿಲುಬು ಹಿಡಿದಿತ್ತು ಅಳಿಯಂದ್ರೇ. ಹುಣಸೆಹಣ್ಣು ಹಾಕಿ ತಿಕ್ಕಿದೆ.”

“ಅಯ್ಯೋ! ಆ ಕಿಲುಬಿಗೇ ಸಾವಿರದೆಂಟುನೂರು ವರ್ಷ!”

“ಅಷ್ಟು ವರ್ಷದಿಂದ ಯಾರೂ ತೊಳೆದಿಲ್ವಾ? ಪಾಪ, ನಾಣ್ಯದ ಮೇಲೆ ಕೈಲಿ ತೆನೆ ಹಿಡ್ಕೊಂಡಿರೋ ತಾಯಿ!”

“ಅವಳು ರೋಮಿನ ದೇವಿ. ಇವತ್ತು ಹಳೇ ನಾಣ್ಯಗಳ ಎಕ್ಸಿಬಿಷನ್ನಲ್ಲಿ ಇಡಬೇಕು, ನನ್ನ ಹೆಸರಲ್ಲಿ ಟೇಬಲ್ ಕೊಟ್ಟಿದಾರೆ!”

“ಕುಂಕುಮ ಇಟ್ಟು ದೇವರಮನೇಲಿ ಕೂರಿಸಾಯ್ತು. ಇನ್ನು ಏಳಿಸಕ್ಕಾಗಲ್ಲ.”

“ಟೇಬಲ್ ಮೇಲೆ ನಾನು ಹತ್ತಿ ಕೂತ್ಕೊಳ್ಳಲಾ?”

“ಸಿಟ್ಟು ಯಾಕೆ? ಮನೇಲಿ ಮೂರು ಗಣಪತಿ ಇದಾರಲ್ಲ, ಒಬ್ರನ್ನ ಕರ್ಕೊಂಡು ಬಂದಿದೀನಿ.”

ಟ್ರೈನು ಬಂತು. ಅತ್ತೆ ಬ್ಯಾಗಿಂದ ಹಿತ್ತಾಳೆ ಗಣಪನ್ನ ತೆಗೆದು ನಾಣ್ಯದ ಡಬ್ಬಿಗೆ ತುರುಕಿ, ಮುಂದಾಗಿ ಹತ್ತಿದ್ರು. ಅಳಿಯ ಡಬ್ಬಿ ಹಿಡ್ಕೊಂಡು ಹಿಂದೆ ಹತ್ತಿದ. ಗಣಪನ ಹೊಟ್ಟೆ ಅಡ್ಡ ಬಂದು ಮುಚ್ಚಳ ಮುಚ್ಚಲೇ ಇಲ್ಲ.