ತಾಲೂಕಿನ ಮೊಟ್ಟಮೊದಲ ಹ್ಯಾಕರನ ಫ್ಲೆಕ್ಸು

ಹಲೋ... ಯಾರು ಮಾತಾಡೋದು?... ಹಾಂ? ಗುಲನಾಜ? ಯಾವ ಗುಲನಾಜ?

... ಹುಬ್ಬಳ್ಳಿ ಕಂಪನಿಯವ್ರಾ? ಕಂಪ್ಯೂಟರ್ ಕಾಯೋ ನೌಕರಿಗೆ ಹೋದ ವಾರ ಅರ್ಜಿ ಹಾಕಿದ್ನಲ್ಲಾ, ಆ ಕಂಪನಿ?... ತಡ್ರಿ ತಡ್ರಿ. ಹಂಗ ನಂಬಾಂವ ಅಲ್ಲ ನಾನು. ಸೋಮನಿಂಗ ಅಂದ್ರ ಏನಂತ ತಿಳದೀರಿ? ಇಂಡಿಯಿಂದ ಮುದ್ದೇಬಿಹಾಳ ತನಕ ನನ್ನ ಹೆಸರು ಕೇಳಿದ್ರ ವೈರಸ್ಸು ತಾನ ಗಂಟು ಕಟಗೊಂಡು ಸೊಲ್ಲಾಪುರಕ್ಕ ಓಡತೈತಿ. ನೀವು ಕಂಪನಿಯವ್ರ ಅನ್ನಾಕ ಏನ್ ಗುರುತು? ನನ್ನ ಬಗ್ಗೆ ಏನರ ಹೇಳ್ರಿ, ನೋಡೂಣು.

... ಹುಟ್ಟಿದ ತಾರೀಖು... ಹಾಂ, ಬರೋಬ್ಬರಿ. ಅವ್ವನ ಹೆಸರು ಸುಂದರವ್ವ... ಹೌದು. ಮನ್ಯಾಗ ಕರಿಯೂದು ಗುಂಡ್ಯಾ... ಅಯ್ಯಯ್ಯ! ಮುಗೀತ್ರಿ, ನೀವ ಕಂಪನಿಯವ್ರು! ಇಷ್ಟು ಆಳದ ಮಾಹಿತಿ ಹಾದಿಮ್ಯಾಗ ಹೋಗೋರಿಗೆ ಎಲ್ಲಿ ಸಿಗತೈತಿ? ಕೇಳ್ರಿ ಮೇಡಂ, ಏನ್ ಬೇಕಾದ್ರೂ ಕೇಳ್ರಿ.

... ಯಾವ ಹಾದಿ ಹಿಡೀತಿ ಅಂದ್ರ? ಒಪ್ಪಿಗಿ ತಗೊಂಡು ಮಂದಿ ಸಿಸ್ಟಮ್ ಒಡದು ತೋರಸೋದು ಒಂದು, ಕುಂತು ಕಾಯೋದು ಒಂದು, ನಿಯಮ ಹಿಡದು ತಪಾಸಣೆ ಮಾಡೋದು ಒಂದು, ಅಲ್ಲೇನ್ರಿ? ನಾ ಮೂರೂ ಹಿಡೀತೇನಿ. ಮುಂಜಾನೆ ಒಡೀತೇನಿ, ರಾತ್ರಿ ಕಾಯ್ತೇನಿ, ನಡಕ ಊಟ ಆದಮ್ಯಾಲ ತಪಾಸಣೆ... ಒಂದ ಆರಸಬೇಕಾ?

... ಸರ್ಟಿಫಿಕೇಟಾ? ಅಷ್ಟು ಅದಾವ್ರಿ, ಗ್ವಾಡಿ ಕಾಣಸಂಗಿಲ್ಲ... ಎಷ್ಟಂದ್ರ... ಗ್ವಾಡಿ ಸಣ್ಣದೈತ್ರಿ... ಒಂದ. ಒಂದ ಐತಿ. ಆನ್‌ಲೈನಿಂದು, ಪುಗಸಟ್ಟಿ. ವಿಡಿಯೋ ಓಡಿಸಿಟ್ಟು ಮಲಕೊಂಡಿದ್ದೆ, ಎದ್ದು ನೋಡಿದ್ರ ಪಾಸಾಗಿದ್ದೆ. ಇನ್ನ ಸೀದಾ ಸಿಐಎಸ್‌ಎಸ್‌ಪಿ ಬರೀತೇನ್ರಿ, ದೊಡ್ಡವ್ರು ಬರಿಯೂ ಪರೀಕ್ಷಾ... ಐದು ವರ್ಷ ಅನುಭವ ಬೇಕಾ? ಐತಲ್ರಿ! ಬರೀಬೇಕು ಬರೀಬೇಕು ಅಂತ ಐದು ವರ್ಷದಿಂದ ವಿಚಾರ ಮಾಡಾಕತ್ತೇನಿ. ಅದನ್ನ ಹಿಡಿಯಂಗಿಲ್ಲೇನು?

... ನಗಬ್ಯಾಡ್ರಿ. ಹೋಗ್ಲಿ, ನಗ್ರಿ, ನನಗೂ ನಗಿ ಬರಾಕತ್ತೈತಿ. ಖರೇ ಹೇಳ್ಲಾ? ಈ ನೌಕರಿ ಬೇಕ್ರಿ ಮೇಡಂ. "ಏನ್ ಮಾಡಾಕತ್ತೀಪಾ" ಅಂದೋರಿಗೆಲ್ಲಾ "ಹೇಳಾಕ ಬರಂಗಿಲ್ಲ, ಗುಪ್ತ ಕೆಲಸ" ಅಂತ ದಿನಾ ದೂಡೇನಿ. ಅವ್ವ ಅದನ್ನ ಖರೇ ಅಂತ ನಂಬ್ಯಾಳ. ಬಸವನ ಬಾಗೇವಾಡಿ ಬೀಗರ ಮುಂದ ನನ್ನ ಹೆಸರು ತಗಿಯೂಮುಂದ ದನಿ ಸಣ್ಣ ಮಾಡ್ತಾಳ, ಶತ್ರುಗಳು ಕೇಳಸ್ಕೊಂಡಾರು ಅಂತ.

... ಹಾಂ? ನನ್ನ ಮಾಹಿತಿ ನಿಮಗ ಎಲ್ಲಿ ಸಿಕ್ತು ಅಂತ ನಾ ಕೇಳಬೇಕಿತ್ತಾ?... ಹೌದಲ್ರಿ, ಎಲ್ಲಿ ಸಿಕ್ತು? ಅರ್ಜಿಯೊಳಗ ಗುಂಡ್ಯಾ ಅಂತ ಬರದಿಲ್ಲ... ನಾಲತವಾಡದವ್ರಾ ನೀವು? ಅದಕ್ಕ ಮಾತು ಇಷ್ಟು ಖಡಕ್... ತವರುಮನಿಯಿಂದ ಕಲಬುರಗಿಗೆ ಹೊಂಟೀರಿ, ಸರಿ... ಬಸ್ಸು ಸಿಂದಗಿ ಸ್ಟ್ಯಾಂಡಿನ್ಯಾಗ ನಿಂತೈತಿ, ಸರಿ... ಕಿಟಕ್ಯಾಗ ಏನ್ ಕಾಣಾಕತ್ತೈತಿ?... ಫ್ಲೆಕ್ಸಾ?

... ಅಯ್ಯೋ ಶಿವನ. "ತಾಲೂಕಿನ ಮೊಟ್ಟಮೊದಲ ಹ್ಯಾಕರ್‌ಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು." ಹೌದ್ರಿ, ಕರಿ ಚಸ್ಮಾದಾಂವ ನಾನ. ದೋಸ್ತ ಸಿದ್ರಾಮಂದು ಫ್ಲೆಕ್ಸಿನ ಅಂಗಡಿ ಐತಿ, ಸ್ಟ್ಯಾಂಡಿನ ಬಾಜೂಕ. ಅಲ್ಲೇ ಕುಂತೇನಿ ಈಗ. ಅಂವಾ ಹುಟ್ಟಿದ ತಾರೀಖು ಹಾಕಿದ, ಅವ್ವನ ಹೆಸರು ಹಾಕಿದ, ಗುಂಡ್ಯಾ ಅಂತನೂ ಹಾಕಿದ, ಫೋನ್ ನಂಬರೂ... ಇಲ್ರಿ, ಅವಂದೇನೂ ತಪ್ಪಿಲ್ಲ, ಎಲ್ಲಾ ನಾನ ಬರಸೇನಿ. ವಿಮಾನದಾಗ ಕುಂತೋರಿಗೂ ಓದಾಕ ಬರಬೇಕು ಅಂದಿದ್ದೆ.

... ಪಾಸ್‌ವರ್ಡ್ ಏನಂತ ನೀವ ಹೇಳ್ತೀರಾ? ಸಾಧ್ಯನ ಇಲ್ಲ. ಹೇಳ್ರಿ ನೋಡೂಣು... ಗುಂಡ್ಯಾ, ಮುಂದ ಹುಟ್ಟಿದ ವರ್ಷ... ಮೇಡಂ, ದನಿ ಸಣ್ಣ ಮಾಡ್ರಿ, ಬಸ್ಸಿನ್ಯಾಗ ಮಂದಿ ಇರತಾರ!

... ಡ್ರೈವರ್ ಚಾ ಕುಡಿಯೂದ್ರಾಗ ಫ್ಲೆಕ್ಸ್ ಇಳಸಬೇಕಾ? ಇಲ್ಲಂದ್ರ ಅರ್ಜಿ ತಗದು ಒಗೀತೀರಾ?... ಬಂದೆ! ಲೇ ಸಿದ್ರಾಮಾ, ನಿಚ್ಚಣಿಕಿ ಹಿಡಿ, ಓಡು! ಯಾಕಂತ ಆಮ್ಯಾಲ ಹೇಳ್ತೇನಿ!

... ಹಾಂ, ಓಡಕೋಂತ ಕೇಳಾಕತ್ತೇನ್ರಿ... ಆತು, ಕಾಯೋ ಹಾದಿನ ಹಿಡೀತೇನಿ... ಮೊದಲ ನೆಟ್‌ವರ್ಕಿನ ಪಾಠ, ಅದಾದ ಮ್ಯಾಲ ಸೆಕ್ಯುರಿಟಿ ಪ್ಲಸ್ ಅನ್ನೂ ಸಣ್ಣ ಪರೀಕ್ಷಾ. ಒಡಿಯೋದು ಮುಂದ ನೋಡೂಣು... ಎದ್ದು ಕುಂತು ಓದ್ತೇನ್ರಿ, ಮಲಕೊಂಡಲ್ಲ... ಏರೀನಿ... ಹಗ್ಗ ಬಿಚ್ಚಾಕತ್ತೇನಿ... ಏ ಕಾಕಾ, ಫೋಟೋ ಹೊಡೀಬ್ಯಾಡೋ!... ಬಿತ್ತ್ರಿ! ಕಂಡಿತೇನು? ನನ್ನ ಮಾರಿ ನನ್ನ ಮಾರಿಮ್ಯಾಲನ ಬಿತ್ತು.

... ಪಾಸ್‌ವರ್ಡೂ ಬದಲಸ್ಬೇಕಾ? ಫೋನ್ ಇಡಬ್ಯಾಡ್ರಿ... ತಡ್ರಿ... ಆತು. ಇಷ್ಟು ಉದ್ದಂದು ಇಟ್ಟೇನಿ, ಈ ಕಡಿಂದ ಓದಾಕ ಹತ್ತಿದ್ರ ಮುಗಿಯೂದ್ರಾಗ ನೀವು ಕಲಬುರಗಿ ಮುಟ್ಟಿರ್ತೀರಿ... ಗಟ್ಟಿ ಐತೋ ಇಲ್ಲೋ ನೋಡ್ತೀರಾ? ಹೇಳ್ಲಾ? ಬರಕೋರಿ ಮತ್ತ, ಮೊದಲನೇ ಅಕ್ಷರ...

...

... ಇಲ್ರಿ. ಹೇಳಂಗಿಲ್ಲ. ಕಂಪನಿಯವ್ರಿದ್ರೂ ಹೇಳಂಗಿಲ್ಲ, ನೌಕರಿ ಹೋದ್ರೂ ಹೇಳಂಗಿಲ್ಲ. ನೀವ ಗುಲನಾಜ ಅಂತ ನನಗರ ಏನ್ ಗುರುತೈತಿ? ನಿಮ್ಮ ಆಫೀಸಿಗೆ ನಾನ ಫೋನ್ ಹಚ್ಚಿ ಕೇಳ್ತೇನಿ ಮೊದಲ.

... ಹಾಂ?... ಏನಂದ್ರಿ?... ಇಷ್ಟೊತ್ತು ಮಾತಾಡಿದ್ರಾಗ ಇದೊಂದ ಶಾಣ್ಯಾನ ಮಾತಾ?... ಸೋಮವಾರ ಬರ್ಲಾ? ಒಂದು ತಿಂಗಳು ನೋಡ್ತೀರಾ?... ಬರ್ತೇನ್ರಿ! ರವಿವಾರನ ಬಂದು ಬಾಗಲಾ ಕಾಯ್ತೇನ್ರಿ!

... ಲೇ ಸಿದ್ರಾಮಾ! ಆತಲೇ! ಹೊಸಾ ಫ್ಲೆಕ್ಸ್ ಹೊಡಿ, ಇದರ ಎರಡು ಪಟ್ಟು! ಕಂಪನಿ ಹೆಸರು ಹಾಕು, ಹೋಗೋ ದಿನ ಹಾಕು, ಮೇಡಂದೂ ಒಂದು ಫೋಟೋ ಹುಡುಕಿ... ಯಾಕಲೇ, ಕೈ ಯಾಕ ಮಾಡ್ತಿ?... ಫೋನಾ?... ಮೇಡಂ, ಇನ್ನಾ ಲೈನಿನ್ಯಾಗ ಅದೀರೇನ್ರಿ?... ಹಲೋ?... ಹಲೋ?