ಅಡುಗೆಯವಳು ಹಿಡಿದ ಬಾವುಟ

ಸಮುದ್ರದಾಚೆ ಬ್ರೆಜಿಲ್ ಎಂಬ ದೇಶವಿದೆ. ಅಲ್ಲೊಬ್ಬ ಭಾರೀ ಶ್ರೀಮಂತನಿದ್ದ. ಹದಿನಾಲ್ಕನೇ ಮಹಡಿಯಲ್ಲಿ ಮನೆ. ಆ ಕಟ್ಟಡಕ್ಕೆ ಎರಡು ಲಿಫ್ಟು, ನೋಡಿ. ಮುಂದಿನದು ಯಜಮಾನರಿಗೆ. ಹಿಂದಿನದು ಕೆಲಸದವರಿಗೆ, ಕಸದ ಡಬ್ಬಿಗೆ. ಒಂದು ಭಾನುವಾರ ಬೆಳಿಗ್ಗೆ ಅವನ ಅಡುಗೆಯವಳು ತರಕಾರಿ ಚೀಲ ಹೊತ್ತು ಮುಂದಿನ ಲಿಫ್ಟಿನಲ್ಲಿ ಬಂದಳು.

"ಏಯ್, ಎಷ್ಟು ಧೈರ್ಯ ನಿನಗೆ?"

"ಹಿಂದಿನದು ಕೆಟ್ಟಿದೆ ಧಣೀ."

"ನಿನ್ನ ಕಾಲು ಕೆಟ್ಟಿಲ್ಲವಲ್ಲ? ಇಳಿದು ಹೋಗು, ಮೆಟ್ಟಿಲು ಹತ್ತಿ ಬಾ!"

ಇಳಿದಳು. ಚೀಲದ ಸಮೇತ ಹತ್ತಿ ಬಂದಳು.

ಅದೇ ಸಂಜೆ ಅವನಿಗೆ ಗುಡ್ಡದ ಮೇಲಿನ ಬಡವರ ಕೇರಿಯಿಂದ ಆಹ್ವಾನ. ಅವರದು ಸಾಂಬಾ ಕುಣಿತದ ಮೇಳ. ಉತ್ಸವದ ಬಟ್ಟೆ ಕೊಡಿಸಿದ್ದಕ್ಕೆ ಇವನೇ ಮುಖ್ಯ ಅತಿಥಿ. ಎದೆಯುಬ್ಬಿಸಿ ಕುಳಿತ. ಒಮ್ಮೆಲೇ ಇನ್ನೂರು ಡೋಲು ಮೊಳಗಿದವು. ಏನು ಸದ್ದು ಅಂತೀರಿ! ಕೂತ ಕುರ್ಚಿ ನಡುಗಿತು, ಮೈ ಜುಮ್ಮೆಂದಿತು. ಒಂದು ಕಾಲಕ್ಕೆ ಈ ಡೋಲು ಬಡಿದವರನ್ನು ಪೊಲೀಸರು ಎಳೆದೊಯ್ಯುತ್ತಿದ್ದರು. ಈಗ ಇದೇ ಆ ದೇಶದ ಹೆಮ್ಮೆ.

ಜನ ದಾರಿ ಬಿಟ್ಟರು. ಬಂಗಾರದ ಬಣ್ಣದ ನಿಲುವಂಗಿ ತೊಟ್ಟು, ಮೇಳದ ಬಾವುಟ ಹಿಡಿದು, ಬುಗುರಿಯಂತೆ ಸುತ್ತುತ್ತ ಒಬ್ಬಳು ಬಂದಳು. "ಜುರೇಮಾ! ಜುರೇಮಾ!" ಕೇರಿಗೆ ಕೇರಿಯೇ ಕೂಗಿತು. ದೇವತೆಯೇ ಇಳಿದಳೇನೋ ಎಂದುಕೊಂಡ. ಹತ್ತಿರ ಬಂದಳು. ಅವನ ಅಡುಗೆಯವಳು! ಹನ್ನೊಂದು ವರ್ಷ ಅವಳ ಕೈಯಡುಗೆ ಉಂಡವನಿಗೆ ಆ ಹೆಸರೇ ಗೊತ್ತಿರಲಿಲ್ಲ.

ಬಾವುಟ ಎದುರು ಬಂದರೆ ಅತಿಥಿ ತಲೆಬಾಗಿ ಅದಕ್ಕೆ ಮುತ್ತಿಡಬೇಕು, ಅದು ಅಲ್ಲಿಯ ಪದ್ಧತಿ. ಇಡದಿದ್ದರೆ ಇಡೀ ಕೇರಿಗೇ ಅವಮಾನ. ಡೋಲುಗಳು ನಿಂತವು. ಅವನ ಕುತ್ತಿಗೆ ಮರಗಟ್ಟಿತು. ಬೆಳಿಗ್ಗೆ ತಾನು ಮೆಟ್ಟಿಲು ಹತ್ತಿಸಿದವಳ ಮುಂದೆ ಬಗ್ಗುವುದೇ?

ಪಕ್ಕದ ಮುದುಕಿ ತಿವಿದಳು. "ಏನಪ್ಪಾ, ಸೊಂಟ ಹಿಡ್ಕೊಂಡಿತಾ? ಬಾವುಟ ಕಾಯ್ತಾ ಇದೆ."

ಅಂಗಿಯ ಅಂಚಿನ ಕೆಳಗೆ ಅವಳ ಪಾದ ಕಂಡಿತು. ಹದಿನಾಲ್ಕು ಮಹಡಿ ಹತ್ತಿದ ಪಾದ. ಅಷ್ಟು ಸುತ್ತಿ ಬಂದರೂ ಅಲುಗದೆ ನಿಂತಿತ್ತು. ಅವನು ಬಗ್ಗಿದ. ಮುತ್ತಿಟ್ಟ. ಡೋಲು ಮತ್ತೆ ಮೊಳಗಿದಾಗ ಕಣ್ಣು ತುಂಬಿತ್ತು.

ಮರುದಿನ ಮುಂದಿನ ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದ. "ಬನ್ನಿ, ಜುರೇಮಮ್ಮ."

"ಬೆರಳು ಜೋಪಾನ ಧಣೀ," ಎಂದು ನಗುತ್ತ ಒಳಗೆ ಬಂದಳು.

ಬರೀ ತಲೆಯಾಡಿಸಬೇಡಿ! ನಿಮ್ಮ ದೇವರ ಮೆರವಣಿಗೆಯ ಮುಂದೆ ತಮಟೆ ಬಡಿಯುವವನ ಹೆಸರೇನು? ಹೇಳಿ. ಗೊತ್ತಿಲ್ಲ, ಅಲ್ಲವೇ? ಅವನು ಬಡಿದರೆ ಕುಣಿಯುತ್ತೀರಿ, ಶಿಳ್ಳೆ ಹೊಡೆಯುತ್ತೀರಿ. ತಮಟೆ ನಿಂತ ಮೇಲೆ ಬೇಲಿ ಪಕ್ಕ ನಿಲ್ಲಿಸಿ ಕಾಗದದ ಲೋಟದಲ್ಲಿ ಚಹಾ ಕೊಡುತ್ತೀರಿ. ನಾಚಿಕೆಯಾಗುವುದಿಲ್ಲವೇ? ಈ ಸಲ ಅವನ ಹೆಸರು ಕೇಳಿ. ಹೆಸರು ಹಿಡಿದು ಮನೆಗೆ ಕರೆಯಿರಿ. ನಡುಮನೆಯಲ್ಲಿ ಕೂರಿಸಿ, ನೀವು ಕುಡಿಯುವ ಲೋಟದಲ್ಲೇ ಕೊಡಿ. ಅವನು ಬಂದಾಗ ಬಾಗಿಲು ತೆರೆಯಲು ಮಕ್ಕಳನ್ನು ಕಳಿಸಬೇಡಿ. ನೀವೇ ಎದ್ದು ಹೋಗಿ ತೆರೆಯಿರಿ.